ಮೊದಲು ಗುರುತು, ಆಮೇಲೆ ಚಿಕಿತ್ಸೆ

ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯತೊಡಗಿದ್ದು 1970ರ ದಶಕದ ಕೊನೆಯಲ್ಲಿ. ತುಮಕೂರು, ಹಾಸನ, ಮಂಡ್ಯದ ಕಡೆಯಿಂದಲೂ ಉತ್ತರ ಕರ್ನಾಟಕದಿಂದಲೂ ಐಟಿಐ ಸರ್ಟಿಫಿಕೇಟ್ ಹಿಡಿದು ಬಂದ ಹುಡುಗರು ಲೇತ್, ಮಿಲ್ಲಿಂಗ್, ಫ್ಯಾಬ್ರಿಕೇಶನ್, ಪ್ಲೇಟಿಂಗ್ ಶೆಡ್ಡುಗಳಲ್ಲಿ ಕೆಲಸಕ್ಕೆ ಸೇರಿದರು. ಪಕ್ಕದ ಟಿ. ದಾಸರಹಳ್ಳಿ, ಮಲ್ಲಸಂದ್ರ, ಬಾಗಲಗುಂಟೆ, ಚೊಕ್ಕಸಂದ್ರಗಳಲ್ಲಿ ಬಾಡಿಗೆ ಮನೆ ಹಿಡಿದರು, ಸಂಸಾರ ಹೂಡಿದರು, ಕೆಲವರು ಸೈಟು ಕೊಂಡು ಮನೆಯನ್ನೂ ಕಟ್ಟಿದರು. ಆ ಹುಡುಗರಿಗೆ ಈಗ ಅರವತ್ತು ದಾಟಿದೆ, ಹಲವರು ಎಪ್ಪತ್ತರ ಹತ್ತಿರ ಇದ್ದಾರೆ. ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಸರಿಯಾಗಿ ಈ ವಯಸ್ಸಿನಲ್ಲೇ. ಕಿದ್ವಾಯಿ ಸಂಸ್ಥೆ 1982ರಿಂದ ನಡೆಸಿಕೊಂಡು ಬಂದಿರುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ ಗಂಡಸರನ್ನು ಹೆಚ್ಚು ಕಾಡುವ ಕ್ಯಾನ್ಸರ್‌ಗಳ ಸಾಲಿನಲ್ಲಿ ಪ್ರಾಸ್ಟೇಟ್ ಮುಂದೆ ಬಂದು ನಿಂತಿದೆ. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 38 ಸಾವಿರ ಜನರಿಗೆ ಹೊಸದಾಗಿ ಈ ಕ್ಯಾನ್ಸರ್ ಪತ್ತೆಯಾಯಿತು. ಪ್ರಪಂಚದಾದ್ಯಂತ 2020ರಲ್ಲಿ ವರ್ಷಕ್ಕೆ 14 ಲಕ್ಷವಿದ್ದ ಹೊಸ ಪ್ರಕರಣಗಳು 2040ರ ಹೊತ್ತಿಗೆ 29 ಲಕ್ಷ ಮುಟ್ಟಲಿವೆ ಎಂದು ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ ಲೆಕ್ಕ ಹಾಕಿತು. ಇದಕ್ಕೆ ಮುಖ್ಯ ಕಾರಣ, ಜನ ಮೊದಲಿಗಿಂತ ಹೆಚ್ಚು ಕಾಲ ಬದುಕುತ್ತಿರುವುದು.

ಇದರ ಜೊತೆಗೇ ಇನ್ನೊಂದು ಸುದ್ದಿಯೂ ಬಂದಿದೆ. ಇಡೀ ಪ್ರಾಸ್ಟೇಟ್ ಗ್ರಂಥಿಯನ್ನು ಕತ್ತರಿಸಿ ತೆಗೆಯಬೇಕಿಲ್ಲ, ಗಡ್ಡೆ ಇರುವ ಜಾಗವನ್ನಷ್ಟೇ ಗುರಿಯಿಟ್ಟು ಸುಟ್ಟೋ ಹೆಪ್ಪುಗಟ್ಟಿಸಿಯೋ ನಾಶ ಮಾಡಬಹುದು, ಸಂಜೆಯೇ ಮನೆಗೆ ಹೋಗಬಹುದು ಎನ್ನುವುದು ಆ ಸುದ್ದಿ. ವೈದ್ಯರು ಇದನ್ನು ಫೋಕಲ್ ಥೆರಪಿ ಎನ್ನುತ್ತಾರೆ. ಇದು ಗಾಳಿಮಾತಲ್ಲ, ಹಿಂದೆ ಇಪ್ಪತ್ತು ವರ್ಷದ ಕೆಲಸವಿದೆ. ಆದರೆ ಸುದ್ದಿ ಜನರನ್ನು ತಲುಪುವಷ್ಟರಲ್ಲಿ ಯಂತ್ರದ ಹೆಸರು ಮುಂದೆ ಬಂದು ಉಳಿದದ್ದೆಲ್ಲ ಹಿಂದೆ ಸರಿದಿರುತ್ತದೆ. ಈ ಚಿಕಿತ್ಸೆಯ ಬೆಲೆ ಯಂತ್ರದಲ್ಲಿಲ್ಲ ಎನ್ನುವುದು ನನ್ನ ವಾದ. ಯಂತ್ರವನ್ನು ಎಲ್ಲಿ ಇಡಬೇಕು ಎಂದು ತೋರಿಸುವ ತಪಾಸಣೆ ಎಷ್ಟು ನಿಖರವಾಗಿತ್ತು, ಚಿಕಿತ್ಸೆ ಮುಗಿದ ಮೇಲೆ ವರ್ಷಗಟ್ಟಲೆ ಕಣ್ಣಿಡುವ ವ್ಯವಸ್ಥೆ ಇದೆಯೇ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಪೀಣ್ಯದ ಯಾವ ಟರ್ನರ್, ಫಿಟ್ಟರ್‌ಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡ್ರಾಯಿಂಗ್ ನೋಡಿ, ಅಳತೆ ಹಿಡಿದು, ಪಂಚ್‌ನಿಂದ ಗುರುತು ಹೊಡೆಯದೆ ಯಾರೂ ಜಾಬ್ ಮೇಲೆ ಡ್ರಿಲ್ ಇಳಿಸುವುದಿಲ್ಲ. ಗುರುತು ತಪ್ಪಿದ್ದರೆ ಜರ್ಮನಿಯ ಮೆಷಿನ್ನಾದರೂ ತೂತು ಬೀಳುವುದು ತಪ್ಪು ಜಾಗದಲ್ಲೇ.

ಈ ಗ್ರಂಥಿ ಇರುವ ಜಾಗ ಎಂಥದ್ದು ಎಂದು ತಿಳಿದರೆ ಇಷ್ಟೆಲ್ಲ ಎಚ್ಚರಿಕೆ ಯಾಕೆಂದು ಅರ್ಥವಾಗುತ್ತದೆ. ಆರೋಗ್ಯವಂತ ಯುವಕನಲ್ಲಿ ಪ್ರಾಸ್ಟೇಟ್ ತೂಗುವುದು 20–25 ಗ್ರಾಂ. ಮೂತ್ರಕೋಶದ ಕೆಳಗೆ, ಗುದದ್ವಾರದ ಮೇಲ್ಭಾಗದ ಕರುಳಿಗೆ ಅಂಟಿದಂತೆ ಅದು ಕುಳಿತಿರುತ್ತದೆ. ಮೂತ್ರನಾಳ ಅದರ ನಡುವೆಯೇ ಹಾದುಹೋಗುತ್ತದೆ. ಮೂತ್ರವನ್ನು ಹಿಡಿದಿಡುವ ಸ್ನಾಯು ಅದರ ತುದಿಗೇ ತಾಗಿದೆ. ಲೈಂಗಿಕ ಕ್ರಿಯೆಗೆ ಬೇಕಾದ ನರಗಳು ಎರಡೂ ಮಗ್ಗುಲಲ್ಲಿ, ಗ್ರಂಥಿಯ ಹೊದಿಕೆಗೆ ಅಂಟಿಕೊಂಡೇ ಸಾಗುತ್ತವೆ. ಆ ನರಗಳ ದಾರಿಯನ್ನು ಗುರುತಿಸಿ ಅವನ್ನು ಉಳಿಸಿಕೊಂಡು ಶಸ್ತ್ರಚಿಕಿತ್ಸೆ ಮಾಡಬಹುದೆಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಪ್ಯಾಟ್ರಿಕ್ ವಾಲ್ಷ್ ತೋರಿಸಿದ್ದು 1982ರಲ್ಲಿ. ಅದಕ್ಕೆ ಮೊದಲು ಪ್ರಾಸ್ಟೇಟ್ ತೆಗೆಸಿಕೊಂಡವರಲ್ಲಿ ಬಹುತೇಕ ಎಲ್ಲರೂ ಆ ಶಕ್ತಿಯನ್ನು ಕಳೆದುಕೊಳ್ಳುತ್ತಿದ್ದರು. ನರ ಉಳಿಸುವ ವಿಧಾನ ಬಂದ ಮೇಲೂ ತೊಂದರೆ ತಗ್ಗಿತೇ ಹೊರತು ಹೋಗಲಿಲ್ಲ. ಗ್ರಂಥಿಯ ಯಾವ ಮೂಲೆಗೆ ಕೈ ಹಾಕಿದರೂ ಒಂದಲ್ಲ ಒಂದು ಮುಖ್ಯವಾದ ಭಾಗ ಕೆಲವೇ ಮಿಲಿಮೀಟರ್ ಆಚೆ ಇರುತ್ತದೆ.

ಆ ತೊಂದರೆ ಎಷ್ಟೆಂದು ಪ್ರಾಮಾಣಿಕವಾಗಿ ಅಳೆದ ದೊಡ್ಡ ಅಧ್ಯಯನ ಬ್ರಿಟನ್ನಿನ ಪ್ರೊಟೆಕ್ಟ್. ಕ್ಯಾನ್ಸರ್ ಗ್ರಂಥಿಯೊಳಗೇ ಇದ್ದ 1,643 ಗಂಡಸರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ನಮ್ಮ ಜನ ‘ಕರೆಂಟ್ ಕೊಡುವುದು’ ಎನ್ನುವ ರೇಡಿಯೇಶನ್, ಇನ್ನೊಂದಕ್ಕೆ ಚಿಕಿತ್ಸೆಯಿಲ್ಲದೆ ನಿಯಮಿತ ತಪಾಸಣೆ ಮಾತ್ರ ಎಂದು ಹಂಚಿದರು. 15 ವರ್ಷದ ಫಲಿತಾಂಶ 2023ರಲ್ಲಿ ಹೊರಬಂತು. ಪ್ರಾಸ್ಟೇಟ್ ಕ್ಯಾನ್ಸರ್‌ನಿಂದಲೇ ಸತ್ತವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 2.2, ರೇಡಿಯೇಶನ್ ಗುಂಪಿನಲ್ಲಿ ಶೇ 2.9, ಬರೀ ಕಣ್ಣಿಟ್ಟ ಗುಂಪಿನಲ್ಲಿ ಶೇ 3.1. ಮೂರರ ನಡುವೆ ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವಿಲ್ಲ. ಕ್ಯಾನ್ಸರ್ ದೇಹದ ಬೇರೆಡೆಗೆ ಹರಡಿದ್ದು ಮಾತ್ರ ಮೂರನೇ ಗುಂಪಿನಲ್ಲಿ ಸುಮಾರು ಎರಡು ಪಟ್ಟು ಹೆಚ್ಚು: ಶೇ 9.4, ಉಳಿದ ಎರಡರಲ್ಲಿ ಶೇ 5ರ ಆಸುಪಾಸು. ಈ ಅಂಕಿಯನ್ನು ಮುಚ್ಚಿಟ್ಟು ‘ಏನೂ ಮಾಡದಿದ್ದರೂ ನಡೆಯುತ್ತದೆ’ ಎನ್ನುವುದು ಸರಿಯಲ್ಲ. ಇನ್ನೊಂದು ತಟ್ಟೆಯಲ್ಲಿ ಇಡಬೇಕಾದದ್ದು ಬದುಕಿನ ಗುಣಮಟ್ಟ. ಆಪರೇಷನ್ ಆಗಿ ಆರು ವರ್ಷವಾದರೂ ಶೇ 17ರಷ್ಟು ಜನ ಮೂತ್ರ ಸೋರುವ ಕಾರಣಕ್ಕೆ ಪ್ಯಾಡ್ ಕಟ್ಟುತ್ತಿದ್ದರು. ರೇಡಿಯೇಶನ್ ಪಡೆದವರಲ್ಲಿ ಇದು ಶೇ 4. ಆರಂಭದಲ್ಲಿ ಮೂವರಲ್ಲಿ ಇಬ್ಬರಿಗೆ ಲೈಂಗಿಕ ಕ್ರಿಯೆಗೆ ಸಾಕಾಗುವ ನಿಮಿರುವಿಕೆ ಇತ್ತು. ಆಪರೇಷನ್ ಗುಂಪಿನಲ್ಲಿ ಆರು ವರ್ಷದ ನಂತರ ಅದು ಉಳಿದದ್ದು ಶೇ 17 ಮಂದಿಗೆ. ಎಂಟು ಗಂಟೆಯ ಪಾಳಿಯಲ್ಲಿ ಮೆಷಿನ್ ಮುಂದೆ ನಿಂತು ದುಡಿಯುವವನಿಗೆ, ಶೌಚಾಲಯ ಹುಡುಕಬೇಕಾದ ಊರಿನಲ್ಲಿ ಬಸ್ಸು ಹಿಡಿದು ಓಡಾಡುವವನಿಗೆ, ಒದ್ದೆ ಪ್ಯಾಡ್ ಅಂದರೆ ಕೆಲಸ, ಮದುವೆ ಮುಂಜಿ, ದೇವಸ್ಥಾನ, ನೆಂಟರ ಮನೆ ಎಲ್ಲದರಿಂದ ಒಂದೊಂದೇ ಹೆಜ್ಜೆ ಹಿಂದೆ ಸರಿಯುವುದು. ಹೆಂಡತಿಯ ಹತ್ತಿರವೂ ಬಾಯಿಬಿಟ್ಟು ಹೇಳಿಕೊಳ್ಳಲಾಗದ ಸಂಕಟ ಅದು.

‘ಈಗ ರೊಬೊಟ್ ಇದೆಯಲ್ಲ, ಆ ತೊಂದರೆಯೆಲ್ಲ ಹೋಯಿತು’ ಎಂಬ ಮಾತು ಬೆಂಗಳೂರಿನಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ರೊಬೊಟ್ ಬಳಸಿದರೆ ರಕ್ತ ಹೋಗುವುದು ಕಡಿಮೆ, ಆಸ್ಪತ್ರೆ ವಾಸ ಕಡಿಮೆ, ಇದು ನಿಜ. ಆದರೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 326 ರೋಗಿಗಳನ್ನು ಎರಡು ಗುಂಪು ಮಾಡಿ ರೊಬೊಟ್ ಶಸ್ತ್ರಚಿಕಿತ್ಸೆಯನ್ನು ಹಳೆಯ ತೆರೆದ ಶಸ್ತ್ರಚಿಕಿತ್ಸೆಯ ಜೊತೆ ಹೋಲಿಸಿ ನೋಡಿದಾಗ, ಎರಡು ವರ್ಷದ ಕೊನೆಗೆ ಮೂತ್ರದ ಹಿಡಿತದಲ್ಲಾಗಲಿ ಲೈಂಗಿಕ ಶಕ್ತಿಯಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕೈ ಬದಲಾದರೂ ತೆಗೆಯುತ್ತಿರುವುದು ಅದೇ ಇಡೀ ಗ್ರಂಥಿಯನ್ನು. ಗ್ರಂಥಿಯ ಒಂದು ಭಾಗಕ್ಕೆ ಮಾತ್ರ ಚಿಕಿತ್ಸೆ ಕೊಡುವ ಯೋಚನೆ ಹುಟ್ಟಿದ್ದು ಇಲ್ಲಿಂದ.

ಆದರೂ ಈ ಯೋಚನೆಗೆ ಮೊದಲೇ ಒಂದು ಬೇಲಿ ಹಾಕಬೇಕು. ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಒಂದು ದೊಡ್ಡ ಪಾಲಿಗೆ ಯಾವ ಚಿಕಿತ್ಸೆಯೂ ಬೇಡ. ಬಯಾಪ್ಸಿ ವರದಿಯ ಕೊನೆಯಲ್ಲಿ ‘ಗ್ಲೀಸನ್ 3+3=6’ ಎಂದೋ ‘3+4=7’ ಎಂದೋ ಒಂದು ಸಾಲು ಇರುತ್ತದೆ. 1966ರಲ್ಲಿ ಡೊನಾಲ್ಡ್ ಗ್ಲೀಸನ್ ರೂಪಿಸಿದ ಅಳತೆ ಅದು. ಸೂಕ್ಷ್ಮದರ್ಶಕದ ಕೆಳಗೆ ಜೀವಕೋಶಗಳ ವಿನ್ಯಾಸ ಎಷ್ಟು ಕೆಟ್ಟಿದೆ ಎಂದು ನೋಡಿ, ಹೆಚ್ಚಾಗಿ ಕಂಡ ವಿನ್ಯಾಸಕ್ಕೆ ಒಂದು ಅಂಕ, ಅದರ ನಂತರದ್ದಕ್ಕೆ ಇನ್ನೊಂದು ಅಂಕ ಕೊಟ್ಟು ಕೂಡಿಸುತ್ತಾರೆ. ಇಡೀ ವರದಿಯಲ್ಲಿ ರೋಗಿ ಮೊದಲು ಓದಬೇಕಾದ ಸಾಲು ಅದೇ. ಮೊತ್ತ 6 ಇದ್ದರೆ ಅದು ಹರಡುವ ಸಾಧ್ಯತೆ ತೀರಾ ಕಡಿಮೆ. ಟೊರೊಂಟೊದ ಲಾರೆನ್ಸ್ ಕ್ಲಾಟ್ಸ್ 1995ರಿಂದ ಇಂಥವರನ್ನೇ ಹೆಚ್ಚಾಗಿ ಸೇರಿಸಿಕೊಂಡು 993 ಮಂದಿಯನ್ನು ಚಿಕಿತ್ಸೆಯಿಲ್ಲದೆ ನಿಗಾದಲ್ಲಿಟ್ಟರು; ರೋಗ ಚುರುಕಾದವರಿಗೆ ಮಾತ್ರ ಚಿಕಿತ್ಸೆ ಕೊಟ್ಟರು. ಅವರಲ್ಲಿ ಈ ಕ್ಯಾನ್ಸರ್‌ನಿಂದ ತೀರಿಕೊಂಡವರು 15 ಮಂದಿ. ‘ಕ್ಯಾನ್ಸರ್ ಇಟ್ಟುಕೊಂಡು ಸುಮ್ಮನಿರುವುದು ಹೇಗೆ’ ಎಂದು ಮನೆಯವರು ಒತ್ತಾಯ ಮಾಡುವುದು ಸಹಜ. ಆ ಭಯಕ್ಕೆ ಉತ್ತರವಾಗಿ ‘ಸಣ್ಣ ಚಿಕಿತ್ಸೆ, ಮಾಡಿಸಿಬಿಡಿ’ ಎಂದು ಫೋಕಲ್ ಥೆರಪಿಯನ್ನು ಮಾರುವುದು ಮಾತ್ರ ಅನ್ಯಾಯ. ಬೇಡದ ಚಿಕಿತ್ಸೆ ಚಿಕ್ಕದಾದ ಮಾತ್ರಕ್ಕೆ ಬೇಕಾದದ್ದಾಗುವುದಿಲ್ಲ. ಹಾಗೆಯೇ ಗ್ಲೀಸನ್ 8, 9, 10ರ ಆಕ್ರಮಣಕಾರಿ ಕ್ಯಾನ್ಸರ್‌ಗೂ, ಗ್ರಂಥಿಯ ಹೊದಿಕೆ ದಾಟಿದ ಕ್ಯಾನ್ಸರ್‌ಗೂ ಇದು ಸಾಮಾನ್ಯವಾಗಿ ಸಲ್ಲದು. ಉಳಿಯುವುದು ನಡುವಿನವರು: ಬಹುಪಾಲು 3+4, ಗ್ರಂಥಿಯ ಒಂದೇ ಕಡೆ ಸ್ಪಷ್ಟವಾಗಿ ಕಾಣುವ ಗಡ್ಡೆ, ರಕ್ತಪರೀಕ್ಷೆಯಲ್ಲಿ ಪಿಎಸ್‌ಎ ತೀರಾ ಏರಿಲ್ಲ, ಇನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಆಯಸ್ಸು ನಿರೀಕ್ಷಿಸಬಹುದಾದ ದೇಹಸ್ಥಿತಿ. ಫೋಕಲ್ ಥೆರಪಿಯ ಜಾಗ ಇಷ್ಟೇ. ಈ ಜಾಗದೊಳಗೆ ಅದು ನಿಜಕ್ಕೂ ದೊಡ್ಡ ಉಪಕಾರ ಮಾಡಬಲ್ಲದು.

ಆ ನಡುವಿನವರನ್ನು ಗುರುತಿಸುವುದು ಹೇಗೆ? ಆರಂಭದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಲಕ್ಷಣವೇ ಇರುವುದಿಲ್ಲ. ರಾತ್ರಿ ನಾಲ್ಕು ಸಲ ಏಳುವುದು, ಧಾರೆ ಸಣ್ಣಗಾಗುವುದು ಹೆಚ್ಚಾಗಿ ವಯೋಸಹಜವಾಗಿ ಗ್ರಂಥಿ ಊದುವುದರಿಂದ ಬರುವ ತೊಂದರೆ. ಪಿಎಸ್‌ಎ ಎಂಬ ರಕ್ತಪರೀಕ್ಷೆ ಒಂದು ಸುಳಿವು ಮಾತ್ರ. ಗ್ರಂಥಿ ಊದಿದರೂ, ಮೂತ್ರದ ಸೋಂಕಾದರೂ ಅದು ಏರುತ್ತದೆ. ಹಿಂದೆ ಪಿಎಸ್‌ಎ 4 ದಾಟಿತೆಂದರೆ ನೇರ ಬಯಾಪ್ಸಿ. ಅಲ್ಟ್ರಾಸೌಂಡ್ ನೋಡುತ್ತ ಹನ್ನೆರಡು ಕಡೆ ಅಂದಾಜಿನ ಮೇಲೆ ಸೂಜಿ ಚುಚ್ಚುತ್ತಿದ್ದರು. ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಈ ಪದ್ಧತಿ ಎಷ್ಟು ಕುರುಡು ಎಂದು 2017ರಲ್ಲಿ ಬ್ರಿಟನ್ನಿನ ಪ್ರಾಮಿಸ್ ಅಧ್ಯಯನ ತೋರಿಸಿತು. 576 ಮಂದಿಯಲ್ಲಿ ಗ್ರಂಥಿಯ ಪ್ರತಿ 5 ಮಿಲಿಮೀಟರ್‌ಗೆ ಒಂದರಂತೆ ಸೂಜಿ ಹಾಕಿ ಸತ್ಯ ಏನೆಂದು ಮೊದಲು ಖಚಿತಪಡಿಸಿಕೊಂಡು ಹೋಲಿಸಿದಾಗ, ಅಪಾಯಕಾರಿ ಕ್ಯಾನ್ಸರ್ ಇದ್ದ ನೂರು ಜನರಲ್ಲಿ ಹಳೆಯ ಬಯಾಪ್ಸಿ ಹಿಡಿದದ್ದು 48 ಮಂದಿಯನ್ನು, ಎಂಆರ್‌ಐ ಹಿಡಿದದ್ದು 93 ಮಂದಿಯನ್ನು. ಮರುವರ್ಷ ಪ್ರಿಸಿಶನ್ ಎಂಬ ಅಧ್ಯಯನದಲ್ಲಿ 500 ಮಂದಿಯನ್ನು ಎರಡು ಗುಂಪು ಮಾಡಿದಾಗ, ಎಂಆರ್‌ಐ ತೋರಿಸಿದ ಜಾಗಕ್ಕೇ ಸೂಜಿ ಹಾಕಿದ ಗುಂಪಿನಲ್ಲಿ ಶೇ 38 ಜನರಲ್ಲಿ ಚಿಕಿತ್ಸೆ ಬೇಕಾದ ಕ್ಯಾನ್ಸರ್ ಸಿಕ್ಕಿತು, ಹಳೆಯ ವಿಧಾನದಲ್ಲಿ ಶೇ 26. ಚಿಕಿತ್ಸೆ ಬೇಡದ ಕ್ಯಾನ್ಸರ್ ಅನಗತ್ಯವಾಗಿ ಪತ್ತೆಯಾಗುವುದೂ ತಗ್ಗಿತು. ನನ್ನ ದೃಷ್ಟಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನ ನಿಜವಾದ ಕ್ರಾಂತಿ ಆದದ್ದು ಇಲ್ಲಿ, ಎಂಆರ್‌ಐ ಕೋಣೆಯಲ್ಲಿ. ಅಲ್ಟ್ರಾಸೌಂಡ್, ಹಿಮ, ವಿದ್ಯುತ್ತಿನ ಯಂತ್ರಗಳು ಆಮೇಲಿನ ಮಾತು.

ಇಲ್ಲಿ ಒಂದು ಸಣ್ಣ ವಿಷಯಕ್ಕೆ ಬಹಳ ತೂಕವಿದೆ. ಎಂಆರ್‌ಐ ಬಯಾಪ್ಸಿಗಿಂತ ಮೊದಲೇ ಆಗಬೇಕು. ಸೂಜಿ ಚುಚ್ಚಿದ ಮೇಲೆ ಗ್ರಂಥಿಯೊಳಗೆ ರಕ್ತ ಕಟ್ಟಿ ವಾರಗಟ್ಟಲೆ ಚಿತ್ರ ಮಸುಕಾಗಿರುತ್ತದೆ. ರಕ್ತದ ಕಲೆ ಯಾವುದು, ಗಡ್ಡೆ ಯಾವುದು ಎಂದು ಹೇಳುವುದು ಕಷ್ಟವಾಗುತ್ತದೆ. ನಮ್ಮಲ್ಲಿ ಈಗಲೂ ಹಲವು ಕಡೆ ಮೊದಲು ಬಯಾಪ್ಸಿ, ಆಮೇಲೆ ‘ಎಷ್ಟು ಹರಡಿದೆ ನೋಡೋಣ’ ಎಂದು ಎಂಆರ್‌ಐ ಬರೆಯುವ ರೂಢಿ ಹೋಗಿಲ್ಲ. ಈ ಹಿಂದುಮುಂದು ಒಂದರಿಂದಲೇ ಗುರಿಯಿಟ್ಟ ಚಿಕಿತ್ಸೆಯ ಬಾಗಿಲು ಅರ್ಧ ಮುಚ್ಚಿದಂತಾಗುತ್ತದೆ.

ಗುರುತು ಸರಿಯಾಗಿ ಬಿದ್ದ ಮೇಲೆ ನಡೆಯುವ ಕೆಲಸ ಹೀಗಿರುತ್ತದೆ. ಹೆಚ್ಚು ಬಳಕೆಯಲ್ಲಿರುವುದು ಹೈಫು, ಅಂದರೆ ತೀವ್ರವಾಗಿ ಕೇಂದ್ರೀಕರಿಸಿದ ಅಲ್ಟ್ರಾಸೌಂಡ್. ಅರಿವಳಿಕೆ ಕೊಟ್ಟು, ಗುದದ್ವಾರದ ಮೂಲಕ ಬೆರಳಿಗಿಂತ ಸ್ವಲ್ಪ ದಪ್ಪದ ಪ್ರೋಬ್ ಒಳಗಿಡುತ್ತಾರೆ. ಕರುಳಿನ ಗೋಡೆ ಸುಡದಂತೆ ಪ್ರೋಬ್‌ನ ಸುತ್ತ ತಣ್ಣೀರು ಹರಿಯುತ್ತಿರುತ್ತದೆ. ಅಲ್ಲಿಂದ ಹೊರಟ ಶಬ್ದದ ಅಲೆಗಳು ದಾರಿಯಲ್ಲಿ ಏನನ್ನೂ ಸುಡದೆ, ಒಂದು ಬಿಂದುವಿನಲ್ಲಿ ಕೂಡಿದಾಗ ಮಾತ್ರ ಅಲ್ಲಿ 80 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿ ಹುಟ್ಟುತ್ತದೆ. ಒಂದು ಸಲಕ್ಕೆ ಸಾಯುವುದು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಉದ್ದ, ಮೂರು ಮಿಲಿಮೀಟರ್ ಅಗಲದ ಭಾಗ. ವೈದ್ಯರು ಪರದೆಯಲ್ಲಿ ಎಂಆರ್‌ಐ ಚಿತ್ರವನ್ನೂ ಅಲ್ಟ್ರಾಸೌಂಡ್ ಚಿತ್ರವನ್ನೂ ಒಂದರ ಮೇಲೊಂದು ಕೂರಿಸಿಕೊಂಡು, ಗಡ್ಡೆಯ ಸುತ್ತ ಕೆಲವು ಮಿಲಿಮೀಟರ್ ಅಂಚನ್ನೂ ಸೇರಿಸಿ, ಸಾಲು ಸಾಲಾಗಿ ಈ ಬಿಂದುಗಳನ್ನು ಹಾಕುತ್ತ ಹೋಗುತ್ತಾರೆ. ಕ್ರಯೋ ವಿಧಾನದಲ್ಲಿ ವೃಷಣಚೀಲದ ಹಿಂದಿನ ಚರ್ಮದ ಮೂಲಕ ಸೂಜಿಗಳನ್ನು ತೂರಿಸಿ ಆರ್ಗಾನ್ ಅನಿಲ ಹಾಯಿಸಿ ಆ ಭಾಗವನ್ನು ಸೊನ್ನೆಗಿಂತ 40 ಡಿಗ್ರಿ ಕೆಳಕ್ಕೆ ಇಳಿಸುತ್ತಾರೆ. ಎರಡು ಸಲ ಹೆಪ್ಪುಗಟ್ಟಿಸಿ ಎರಡು ಸಲ ಕರಗಲು ಬಿಡುತ್ತಾರೆ. ಮೂತ್ರನಾಳದಲ್ಲಿ ಬೆಚ್ಚಗಿನ ನೀರು ಹರಿಸಿ ಅದನ್ನು ಕಾಪಾಡುತ್ತಾರೆ. ನ್ಯಾನೋನೈಫ್ ಎಂಬ ಮೂರನೆಯದರಲ್ಲಿ ಸುಡುವುದೂ ಇಲ್ಲ, ಹೆಪ್ಪುಗಟ್ಟಿಸುವುದೂ ಇಲ್ಲ. ಸೂಜಿಗಳ ನಡುವೆ ಸಾವಿರಾರು ವೋಲ್ಟಿನ ಕ್ಷಣಮಾತ್ರದ ವಿದ್ಯುತ್ ಮಿಡಿತ ಹರಿಸಿ ಜೀವಕೋಶದ ಪೊರೆಯಲ್ಲಿ ಮುಚ್ಚಿಕೊಳ್ಳಲಾಗದ ರಂಧ್ರ ಮಾಡುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದನ್ನು ಪ್ರಾಸ್ಟೇಟ್‌ಗೆ ಬಳಸಲು ಒಪ್ಪಿದ್ದು 2024ರ ಡಿಸೆಂಬರ್‌ನಲ್ಲಿ. ಯಾವುದು ಶ್ರೇಷ್ಠ ಎಂದು ಕೇಳುವುದಕ್ಕಿಂತ ಗಡ್ಡೆ ಎಲ್ಲಿದೆ ಎಂದು ಕೇಳುವುದು ಸರಿ. ಹಿಂಭಾಗದಲ್ಲಿ, ಕರುಳಿನ ಕಡೆ ಇದ್ದರೆ ಹೈಫುಗೆ ಸುಲಭ. ದೊಡ್ಡದಾದ ಗ್ರಂಥಿಯ ಮುಂಭಾಗಕ್ಕೆ ಅದು ಸರಿಯಾಗಿ ತಲುಪುವುದಿಲ್ಲ, ಅಲ್ಲಿಗೆ ಸೂಜಿಯ ವಿಧಾನಗಳೇ ಮೇಲು. ಒಂದೇ ಯಂತ್ರ ಇರುವ ಕಡೆ ಎಲ್ಲ ಗಡ್ಡೆಗಳೂ ಆ ಯಂತ್ರಕ್ಕೆ ಒಗ್ಗುವಂತೆ ಕಾಣತೊಡಗುವ ಅಪಾಯವಿದೆ. ಮುಗಿದ ಮೇಲೆ ಅದೇ ದಿನವೋ ಮರುದಿನವೋ ಮನೆಗೆ ಹೋಗಬಹುದಾದರೂ ಕೆಲವು ದಿನ ಮೂತ್ರದ ಪೈಪ್ ಇರುತ್ತದೆ, ಕೆಲವು ವಾರ ಉರಿ, ರಕ್ತ ಕಾಣುವುದು ಉಂಟು.

ಫಲಿತಾಂಶ ಹೇಗಿದೆ? ಬ್ರಿಟನ್ನಿನ ಹಲವು ಕೇಂದ್ರಗಳಲ್ಲಿ ಹೈಫು ಪಡೆದ 1,379 ಮಂದಿಯ ದಾಖಲೆ 2022ರಲ್ಲಿ ಪ್ರಕಟವಾಯಿತು. ಏಳು ವರ್ಷದ ಹೊತ್ತಿಗೆ ಇಡೀ ಗ್ರಂಥಿಯ ಚಿಕಿತ್ಸೆಯೂ ಬೇಕಾಗದೆ, ಕ್ಯಾನ್ಸರ್ ಹರಡದೆಯೂ ಉಳಿದವರು ಶೇ 69. ಸುಮಾರು ಐವರಲ್ಲಿ ಒಬ್ಬರಿಗೆ ಎರಡನೇ ಸಲ ಹೈಫು ಬೇಕಾಯಿತು. ಇದೇ ತಂಡಗಳ ಮೊದಲಿನ 625 ಮಂದಿಯ ವರದಿಯಲ್ಲಿ, ಮುಂಚೆ ಹಿಡಿತ ಚೆನ್ನಾಗಿದ್ದವರಲ್ಲಿ ಶೇ 98 ಜನರಿಗೆ ಚಿಕಿತ್ಸೆಯ ನಂತರವೂ ಪ್ಯಾಡ್ ಬೇಕಾಗಿರಲಿಲ್ಲ. ಈ ಎರಡು ಅಂಕಿಗಳನ್ನು ಜೊತೆಗಿಟ್ಟೇ ಓದಬೇಕು. ಮೂತ್ರದ ಹಿಡಿತ ಬಹುತೇಕ ಉಳಿಯುತ್ತದೆ; ಆದರೆ ಏಳು ವರ್ಷದಲ್ಲಿ ಹತ್ತರಲ್ಲಿ ಮೂವರು ದೊಡ್ಡ ಚಿಕಿತ್ಸೆಗೆ ಹೋಗಬೇಕಾಗಬಹುದು. ‘ಒಂದೇ ಸಲ, ಮುಗಿಯಿತು’ ಎಂದು ಯಾರಾದರೂ ಹೇಳಿದರೆ ಅವರು ಈ ದಾಖಲೆಯನ್ನು ನೋಡಿಲ್ಲ, ಇಲ್ಲವೇ ನೋಡಿಯೂ ಹೇಳುತ್ತಿಲ್ಲ.

ಈ ಚಿಕಿತ್ಸೆಯನ್ನು ಒಪ್ಪದ ತಜ್ಞರ ಆಕ್ಷೇಪಗಳಲ್ಲಿ ಮೊದಲನೆಯದು ಬಲವಾಗಿದೆ. ಪ್ರಾಸ್ಟೇಟ್ ಕ್ಯಾನ್ಸರ್ ಒಂದೇ ಕಡೆ ಹುಟ್ಟುವುದಲ್ಲ. ತೆಗೆದ ಗ್ರಂಥಿಗಳನ್ನು ಕೊಯ್ದು ನೋಡಿದರೆ ಬಹುಪಾಲಿನಲ್ಲಿ ಒಂದಕ್ಕಿಂತ ಹೆಚ್ಚು ಗಡ್ಡೆಗಳಿರುತ್ತವೆ. ಒಂದನ್ನು ಸುಟ್ಟು ಉಳಿದದ್ದನ್ನು ಬಿಟ್ಟರೆ ಏನು ಬಂತು ಎಂಬುದು ಅವರ ಪ್ರಶ್ನೆ. ಉತ್ತರ, ಎಲ್ಲ ಗಡ್ಡೆಗಳೂ ಸಮನಲ್ಲ. 2009ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು, ಈ ಕ್ಯಾನ್ಸರ್‌ನಿಂದ ಸತ್ತವರ ದೇಹದಲ್ಲಿ ಹರಡಿದ್ದ ಗಡ್ಡೆಗಳೆಲ್ಲ ಹೆಚ್ಚಾಗಿ ಒಂದೇ ಮೂಲ ಜೀವಕೋಶದ ಸಂತತಿ ಎಂದು ತೋರಿಸಿದರು. ಹರಡುವ ಗುಣ ಒಂದೇ ಗಡ್ಡೆಯದ್ದಾದರೆ, ಆ ಮುಖ್ಯ ಗಡ್ಡೆಯನ್ನು ತೆಗೆದು ಉಳಿದ ಸಣ್ಣ 3+3ಗಳ ಮೇಲೆ ಕಣ್ಣಿಡುವುದು ತರ್ಕಕ್ಕೆ ಒಪ್ಪುತ್ತದೆ. ಆದರೆ 2013ರಲ್ಲಿ ಅದೇ ಸಂಸ್ಥೆಯಿಂದಲೇ ಬಂದ ಒಂದು ವರದಿ, ಒಬ್ಬ ರೋಗಿಯನ್ನು ಕೊಂದ ಕ್ಯಾನ್ಸರ್ ಆತನ ದೊಡ್ಡ ಗಡ್ಡೆಯಿಂದಲ್ಲ, ಸಣ್ಣ, ಸೌಮ್ಯವಾಗಿ ಕಂಡ ಗಡ್ಡೆಯಿಂದ ಹೊರಟಿತ್ತು ಎಂದು ಪತ್ತೆಹಚ್ಚಿತು. ಅಪರೂಪವಾದರೂ ಅದನ್ನು ಬದಿಗೆ ಸರಿಸುವಂತಿಲ್ಲ. ಎಂಆರ್‌ಐಗೂ ಕೆಲವು ಗಡ್ಡೆಗಳು ಕಾಣುವುದಿಲ್ಲ. ಆದ್ದರಿಂದಲೇ ಕಂಡ ಜಾಗದ ಜೊತೆಗೆ ಉಳಿದ ಭಾಗದಿಂದಲೂ ಬಯಾಪ್ಸಿ ತೆಗೆದಿರಬೇಕು. ಚಿಕಿತ್ಸೆಯಾಗಿ ವರ್ಷದೊಳಗೆ ಮತ್ತೆ ಎಂಆರ್‌ಐ, ಮತ್ತೆ ಬಯಾಪ್ಸಿ ಆಗಬೇಕು. ಗ್ರಂಥಿಯ ಬಹುಭಾಗ ಒಳಗೇ ಇರುವುದರಿಂದ ಪಿಎಸ್‌ಎ ಸೊನ್ನೆಗೆ ಇಳಿಯುವುದಿಲ್ಲ, ಬರೀ ರಕ್ತಪರೀಕ್ಷೆ ನಂಬಿ ಕೂರುವಂತಿಲ್ಲ.

ಎರಡನೆಯ ಆಕ್ಷೇಪ ದೀರ್ಘಕಾಲದ ಪುರಾವೆ ಎಲ್ಲಿ ಎಂಬುದು. ಪ್ರೊಟೆಕ್ಟ್‌ನಂತೆ ಚೀಟಿ ಎತ್ತಿ ಹಂಚಿ 15 ವರ್ಷ ಹಿಂಬಾಲಿಸಿದ ಅಧ್ಯಯನ ಫೋಕಲ್ ಥೆರಪಿಗೆ ಇನ್ನೂ ಇಲ್ಲ. ಫ್ರಾನ್ಸಿನಲ್ಲಿ 46 ಕೇಂದ್ರಗಳ 3,328 ಮಂದಿಯಲ್ಲಿ ಹೈಫು ಮತ್ತು ಶಸ್ತ್ರಚಿಕಿತ್ಸೆಯನ್ನು ಹೋಲಿಸಿದಾಗ, 30 ತಿಂಗಳಲ್ಲಿ ಮರುಚಿಕಿತ್ಸೆ ಬೇಡವಾದವರು ಹೈಫುವಿನಲ್ಲಿ ಶೇ 90, ಶಸ್ತ್ರಚಿಕಿತ್ಸೆಯಲ್ಲಿ ಶೇ 86. ಆದರೆ ಅಲ್ಲಿ ಗುಂಪು ಚೀಟಿಯಿಂದ ಆದದ್ದಲ್ಲ, ಮತ್ತು ನಿಧಾನವಾಗಿ ಬೆಳೆಯುವ ಈ ರೋಗಕ್ಕೆ 30 ತಿಂಗಳು ಏನೇನೂ ಅಲ್ಲ. ಯುರೋಪಿನ ಯೂರಾಲಜಿ ಸಂಘದ ಮಾರ್ಗಸೂಚಿ ಇದನ್ನು ಅಧ್ಯಯನ ಅಥವಾ ಕ್ರಮಬದ್ಧ ನೋಂದಣಿಯ ಚೌಕಟ್ಟಿನೊಳಗೇ ಕೊಡಿ ಎನ್ನುವುದು ಈ ಕಾರಣಕ್ಕೆ. ಆ ಸಲಹೆ ಸರಿ ಎಂದೇ ನನ್ನ ತೀರ್ಮಾನ. ಚಿಕಿತ್ಸೆಯನ್ನು ತಡೆಯುವುದಕ್ಕೆ ಅದನ್ನು ನೆಪ ಮಾಡಿಕೊಳ್ಳುವುದು ಮಾತ್ರ ಸರಿಯಲ್ಲ. ಪ್ರೊಟೆಕ್ಟ್ ನಮಗೆ ಕಲಿಸಿದ್ದು, ಈ ಹಂತದಲ್ಲಿ ಯಾವ ದಾರಿ ಹಿಡಿದರೂ 15 ವರ್ಷದಲ್ಲಿ ಇದೇ ಕ್ಯಾನ್ಸರ್‌ಗೆ ಬಲಿಯಾಗುವವರು ನೂರಕ್ಕೆ ಮೂವರ ಆಸುಪಾಸು ಎಂದು. ಅಷ್ಟು ಕಾಲಾವಕಾಶ ಕೊಡುವ ರೋಗದಲ್ಲಿ, ಮೂತ್ರದ ಹಿಡಿತ ಉಳಿಸುವ ದಾರಿಯನ್ನು ಮೊದಲು ನೋಡಿ, ಬೇಕಾದರೆ ಮುಂದೆ ದೊಡ್ಡ ಚಿಕಿತ್ಸೆಗೆ ಹೋಗುತ್ತೇನೆ ಎಂದು ತಿಳಿದು ನಿರ್ಧರಿಸಿದ ಮನುಷ್ಯ ಅವಿವೇಕಿಯಲ್ಲ. ತಿಳಿದು ಎನ್ನುವ ಮಾತಿಗೆ ಒತ್ತು: ಸುಟ್ಟ ಜಾಗದಲ್ಲಿ ಆಮೇಲೆ ಶಸ್ತ್ರಚಿಕಿತ್ಸೆ ಮಾಡುವುದು ಸಾಧ್ಯವಿದ್ದರೂ ಮೊದಲಿನಷ್ಟು ಸಲೀಸಲ್ಲ ಎಂಬುದನ್ನೂ ಆತನಿಗೆ ಹೇಳಿರಬೇಕು.

ಮೂರನೆಯ ಆಕ್ಷೇಪ ನಮ್ಮ ನೆಲದ್ದು. ನಮ್ಮಲ್ಲಿ ಬಹಳಷ್ಟು ಜನ ಆಸ್ಪತ್ರೆಗೆ ಬರುವುದೇ ಸೊಂಟದ ಮೂಳೆಗೆ ಕ್ಯಾನ್ಸರ್ ಇಳಿದು ಬೆನ್ನು ನೋವು ತಡೆಯಲಾರದಾದಾಗ. ಅಂಥ ಕಡೆ ಆರಂಭದ ಗಡ್ಡೆಗೆ ನವಿರಾದ ಚಿಕಿತ್ಸೆಯ ಮಾತು ಉಳ್ಳವರ ಚಿಂತೆಯಲ್ಲವೇ? ಯಂತ್ರ ಕೊಳ್ಳುವುದೇ ಗುರಿಯಾದರೆ, ಹೌದು. ದಾಸರಹಳ್ಳಿಯ ಜನರಿಗೆ ಹತ್ತಿರದಲ್ಲೊಂದು ಹೈಫು ಯಂತ್ರ ಬಂದರೆ ಆಗುವ ಉಪಕಾರ ಅಲ್ಪ. ಸೋಂಕಿಲ್ಲದಾಗ ಮಾಡಿದ ಪಿಎಸ್‌ಎ, ಅನುಮಾನವಿದ್ದರೆ ಮರುಪರೀಕ್ಷೆ, ಬಯಾಪ್ಸಿಗೆ ಮೊದಲು ಒಳ್ಳೆಯ ಎಂಆರ್‌ಐ, ಅದನ್ನು ಓದಬಲ್ಲ ರೇಡಿಯಾಲಜಿಸ್ಟ್, ಗುರಿಯಿಟ್ಟ ಬಯಾಪ್ಸಿ: ಈ ಸರಪಳಿ ಗಟ್ಟಿಯಾದರೆ ತಡವಾಗಿ ಬರುವವರು ಬೇಗ ಸಿಗುತ್ತಾರೆ, ಚಿಕಿತ್ಸೆ ಬೇಡದವರು ಚಾಕುವಿನಿಂದ ತಪ್ಪಿಸಿಕೊಳ್ಳುತ್ತಾರೆ, ನಡುವಿನವರಿಗೆ ಗುರಿಯಿಟ್ಟ ಚಿಕಿತ್ಸೆಯ ದಾರಿ ತೆರೆಯುತ್ತದೆ. ಸರ್ಕಾರದ ಕ್ಯಾನ್ಸರ್ ತಪಾಸಣೆ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಇವೆ, ಪ್ರಾಸ್ಟೇಟ್ ಇಲ್ಲ. ಎಲ್ಲ ಗಂಡಸರಿಗೂ ಪಿಎಸ್‌ಎ ಮಾಡಿಸಬೇಕೆಂದು ನಾನು ವಾದಿಸುತ್ತಿಲ್ಲ. ಯುರೋಪಿನ ದೊಡ್ಡ ಅಧ್ಯಯನದ 23 ವರ್ಷದ ಲೆಕ್ಕದಲ್ಲಿ ಒಂದು ಸಾವು ತಪ್ಪಿಸಲು 456 ಮಂದಿಯನ್ನು ತಪಾಸಣೆಗೆ ಕರೆಯಬೇಕಾಯಿತು. ಉಪಯೋಗ ಇದೆ, ಅನಗತ್ಯ ಪತ್ತೆಯ ಹೊರೆಯೂ ಇದೆ. ಆದರೆ 50 ದಾಟಿದವರು, ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಇದ್ದರೆ 45 ದಾಟಿದವರು, ಸಾಧಕಬಾಧಕ ತಿಳಿದು ಈ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳುವುದರಲ್ಲಿ ಅರ್ಥವಿದೆ.

ಕಾರ್ಮಿಕರಿಗೆ ಈ ತಪಾಸಣೆಯ ಸರಪಳಿ ಕೈಗೆಟುಕದ್ದೇನಲ್ಲ. ತಿಂಗಳ ಸಂಬಳ 21,000 ರೂಪಾಯಿ ದಾಟದವರಿಗೆ ಇಎಸ್‌ಐ ಇದೆ. ಕನಿಷ್ಠ ಐದು ವರ್ಷ ಇಎಸ್‌ಐ ವ್ಯಾಪ್ತಿಯಲ್ಲಿ ದುಡಿದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಹೆಂಡತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳಬಹುದು. ಈ ಕ್ಯಾನ್ಸರ್ ಕಾಣಿಸಿಕೊಳ್ಳುವುದೇ ನಿವೃತ್ತಿಯ ಆಸುಪಾಸಿನಲ್ಲಾದ್ದರಿಂದ ಆ 120 ರೂಪಾಯಿ ಬಿಟ್ಟುಕೊಡಬಾರದ ಹಣ. ಅದರಲ್ಲಿ ಯಾವ ಮಟ್ಟದ ಚಿಕಿತ್ಸೆ ಸಿಗುತ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ದಾಸರಹಳ್ಳಿ ನಿಲ್ದಾಣದಲ್ಲಿ ಮೆಟ್ರೋ ಹತ್ತಿದರೆ ಬದಲಾಯಿಸದೆ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿಯಬಹುದು, ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲೇ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆ ಇದೆ. ಖಾಸಗಿ ವಿಮೆ ಇರುವವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಕಂಪನಿಗಳು ನಿರಾಕರಿಸಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿ ಮಾಡಿದಾಗ ರೊಬೊಟ್ ಶಸ್ತ್ರಚಿಕಿತ್ಸೆಯ ಜೊತೆ ಹೈಫುವಿನ ಹೆಸರೂ ಅದರಲ್ಲಿ ಸೇರಿತು. ಆದರೆ ಅದು ಇರುವುದು ಗರ್ಭಾಶಯದ ಒಂದು ಚಿಕಿತ್ಸೆಯ ಜೊತೆ ಒಂದೇ ಸಾಲಿನಲ್ಲಿ, ಮತ್ತು ಕಂಪನಿಗಳು ಇಂತಿಷ್ಟೇ ಎಂದು ಮಿತಿ ಹಾಕಬಹುದು. ಪ್ರಾಸ್ಟೇಟ್‌ಗೆ ಎಷ್ಟು ಕೊಡುತ್ತಾರೆ, ಎರಡನೇ ಸಲ ಬೇಕಾದರೆ ಕೊಡುತ್ತಾರೆಯೇ, ಆಮೇಲಿನ ಎಂಆರ್‌ಐ ಖರ್ಚು ಯಾರದ್ದು ಎಂದು ಲಿಖಿತವಾಗಿ ಕೇಳಬೇಕು.

ವೈದ್ಯರ ಮುಂದೆ ಕುಳಿತಾಗ ಕೇಳಬೇಕಾದದ್ದೂ ಇದೇ ಬಗೆಯದು. ನನ್ನ ಗಡ್ಡೆ ಎಂಆರ್‌ಐಯಲ್ಲಿ ಎಲ್ಲಿ ಕಂಡಿದೆ, ಬಯಾಪ್ಸಿಯೂ ಅದನ್ನೇ ಹೇಳಿದೆಯೇ, ಇನ್ನೊಂದು ಮಗ್ಗುಲಲ್ಲಿ ಏನಿದೆ, ನಿಗಾ ಮಾತ್ರ ಸಾಲದೇ, ನೀವು ಇಲ್ಲಿಯವರೆಗೆ ಎಷ್ಟು ಜನರಿಗೆ ಮಾಡಿದ್ದೀರಿ, ವರ್ಷದ ನಂತರ ಅವರ ಬಯಾಪ್ಸಿ ಏನು ಹೇಳಿತು. ಲೆಕ್ಕ ಇಟ್ಟಿರುವ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ. ಶಸ್ತ್ರಚಿಕಿತ್ಸಕರ ಜೊತೆ ರೇಡಿಯೇಶನ್ ತಜ್ಞರನ್ನೂ ಒಮ್ಮೆ ಕಾಣಬೇಕು. ಬಯಾಪ್ಸಿಯ ಮೇಣದ ಬ್ಲಾಕ್ ಮತ್ತು ಗಾಜಿನ ಸ್ಲೈಡ್ ಲ್ಯಾಬಿನಲ್ಲಿ ಇರುತ್ತವೆ, ಎಂಆರ್‌ಐ ಚಿತ್ರಗಳು ಸಿಡಿಯಲ್ಲಿ ಸಿಗುತ್ತವೆ. ವರದಿಯ ಕಾಗದ ಮಾತ್ರ ತಂದರೆ ಸಾಲದು, ಇವನ್ನು ಕೇಳಿ ಪಡೆದುಕೊಂಡು ಕಿದ್ವಾಯಿಯಂಥ ಕಡೆ ಇನ್ನೊಬ್ಬ ತಜ್ಞರಿಂದ ಓದಿಸಬಹುದು. 3+3 ಎಂದಿದ್ದದ್ದು 3+4 ಆಗುವುದೂ, 3+4 ಎಂದಿದ್ದದ್ದು 3+3 ಆಗುವುದೂ ಇಂಥ ಮರು ಓದಿನಲ್ಲಿ ನಡೆಯುತ್ತಲೇ ಇರುತ್ತದೆ, ಮತ್ತು ಆ ಒಂದು ಅಂಕದ ಮೇಲೆ ಚಿಕಿತ್ಸೆ ಬೇಕೋ ಬೇಡವೋ ಎಂಬುದೇ ನಿಂತಿರುತ್ತದೆ. ಗ್ರಂಥಿಯೊಳಗೇ ಇರುವ, ನಡುಮಟ್ಟದ ಈ ಕ್ಯಾನ್ಸರ್ ಇದಕ್ಕೆ ಬೇಕಾದ ಎರಡು ಮೂರು ವಾರವನ್ನು ಧಾರಾಳವಾಗಿ ಕೊಡುತ್ತದೆ.